ಇಬ್ಬರ ಚಾಪೆ

“ಅಜ್ಜಾ, ಒಂಬತ್ತರ ವರ್ಗಮೂಲ ಮೂರು, ಹದಿನಾರರದು ನಾಲ್ಕು. ಎರಡರದು ಎಷ್ಟು? ಎಷ್ಟು ಲೆಕ್ಕ ಹಾಕಿದರೂ ಮುಗಿಯುವುದೇ ಇಲ್ಲವಲ್ಲ?”

ಕೇಳಿದವಳು ನೀಲವ್ವ. ಶಾಲೆ ಓದಿದವಳು, ಬಿದಿರು ಚಾಪೆ ಹೆಣೆಯುವುದನ್ನು ಕಲಿಯಲು ಕೇತಜ್ಜನ ಬಳಿಗೆ ಬಂದಿದ್ದಳು. ಕೇತಜ್ಜ ಶಾಲೆಯ ಹೊಸ್ತಿಲು ತುಳಿದವನಲ್ಲ.

“ಒಂದೇ ಬಿದಿರನ್ನು ಸಾವಿರ ಎಳೆ ಸೀಳಿ, ಊದಿದರೆ ಹಾರುವ ಚಾಪೆ ಹೆಣೆದ ಕೈ ಇದು. ಕಂಡವರೆಲ್ಲ ಮಣ್ಣು ಸೇರಿದರು, ಇಲ್ಲದಿದ್ದರೆ ಕರೆದು ಹೇಳಿಸುತ್ತಿದ್ದೆ. ಮೂಲವೆಂದರೆ ಏನು? ಚೌಕ ಚಾಪೆಯ ಒಂದು ಅಂಚು. ಒಂಬತ್ತು ಮಂದಿಯ ಚೌಕಕ್ಕೆ ಅಂಚಿನಲ್ಲಿ ಮೂರು ಮಂದಿ. ಇನ್ನು ಇಬ್ಬರ ಚಾಪೆಯ ಮಾತು ಕೇಳು,” ಎಂದು ಅಜ್ಜ ಕತೆ ಹಿಡಿದ.

ಒಬ್ಬ ಚಾಪೆಗಾರನಿದ್ದ. ಅವನ ಒಂಟಿ ಚಾಪೆಗೆ ಅಡ್ಡ ಹತ್ತು, ಉದ್ದ ಹತ್ತು, ಎಳೆ ಎಳೆ ಕೂಡುವ ಪುಟ್ಟ ಚೌಕಗಳು ಒಟ್ಟು ನೂರು ಮನೆ. ಹೊಳೆಯಾಚೆಯ ಒಬ್ಬ ಹೆಣ್ಣಿನ ಮೇಲೆ ಅವನಿಗೆ ಮನಸ್ಸಾಯಿತು. ಅವರ ಕುಲದಲ್ಲೊಂದು ಕಟ್ಟಳೆ. ಮದುವೆಯ ಚಾಪೆ ಒಂಟಿ ಚಾಪೆಯ ಸರಿಯಾಗಿ ಎರಡರಷ್ಟಿರಬೇಕು, ಚೌಕವಾಗಿಯೇ ಇರಬೇಕು. ಉದ್ದ ಚಾಪೆ ಹೆಣಕ್ಕೆ. ಬಿದಿರು ಕಡಿಯುವುದು ವರ್ಷಕ್ಕೊಮ್ಮೆ, ಚಾಪೆ ಒಪ್ಪಿಸುವುದೂ ವರ್ಷಕ್ಕೊಮ್ಮೆ.

ಮೊದಲ ವರ್ಷ ಅವನು ಅಂಚನ್ನೇ ಎರಡರಷ್ಟು ಮಾಡಿದ. ಹಾಸಿದರೆ ನಾಲ್ಕು ಮಂದಿಯ ಜಾಗ. ಹೆಣ್ಣಿನ ಅಜ್ಜಿ ಬಿದ್ದು ಬಿದ್ದು ನಕ್ಕಳು. “ಏನಪ್ಪಾ ಅಳಿಯ, ಉಳಿದ ಇಬ್ಬರನ್ನು ಎಲ್ಲಿಂದ ತರ್ತೀಯ?”

ಮರುವರ್ಷ ಹದಿನೈದರ ಅಂಚು ಹಿಡಿದ. ಇನ್ನೂರಕ್ಕೆ ಇಪ್ಪತ್ತೈದು ಮನೆ ಹೆಚ್ಚಾಯಿತು. ಅದರ ಮರುವರ್ಷ ಹದಿನಾಲ್ಕು. ನಾಲ್ಕು ಮನೆ ಕಡಿಮೆ ಬಿತ್ತು.

ಬಾಗಿಲಲ್ಲಿ ನಿಂತಿದ್ದ ಹೆಣ್ಣು ಹೇಳಿದಳು: “ನಾಲ್ಕು ಮನೆ ತಾನೇ? ಕಾಲು ಮಡಚಿ ಕೂರುತ್ತೇನೆ. ಹಾಸು.”

“ಕೊರತೆಯಿರುವ ಚಾಪೆಯ ಮೇಲೆ ನಿನ್ನನ್ನು ಕೂರಿಸಲಾರೆ. ಬರುವ ವರ್ಷ ಬರುತ್ತೇನೆ,” ಎಂದ ಅವನು.

ಎಳೆ ಸಣ್ಣಗೆ ಸೀಳಿದ. ಇನ್ನೂ ಸಣ್ಣಗೆ ಸೀಳಿದ. ಕೊರತೆ ವರ್ಷ ವರ್ಷ ಕಿರಿದಾಯಿತು, ಇಲ್ಲವಾಗಲಿಲ್ಲ. ಪ್ರತಿ ವರ್ಷ ಅವಳು ಬಾಗಿಲಿಗೆ ಬಂದು ನಿಂತಳು. ಪ್ರತಿ ವರ್ಷ ಅವನು ಚಾಪೆ ಸುತ್ತಿಕೊಂಡು ಹೊಳೆ ದಾಟಿ ಹಿಂದಿರುಗಿದ. ಸಂಜೆ ಒಂಟಿ ಚಾಪೆಯ ಮೇಲೆ ಕೂತು ಆಚೆ ದಡದ ಹೊಗೆ ನೋಡುತ್ತಿದ್ದ. ಯಾವ ಹೊಗೆ ಅವಳ ಒಲೆಯದೆಂದು ಅವನಿಗೆ ಗೊತ್ತಿತ್ತು.

ಏಳನೆಯ ವರ್ಷ ಹೋದಾಗ ಬಾಗಿಲಲ್ಲಿ ಅಜ್ಜಿಯೊಬ್ಬಳೇ ಇದ್ದಳು. ಮಳೆಗಾಲದ ಜ್ವರ ಮೊಮ್ಮಗಳನ್ನು ಕೊಂಡೊಯ್ದಿತ್ತು. ಅಳತೆಗೆಂದು ಅವನು ಬಗಲಲ್ಲಿ ತಂದಿದ್ದ ಒಂಟಿ ಚಾಪೆಯನ್ನು ಅಜ್ಜಿ ಇಸಿದುಕೊಂಡು ಹಾಸಿದಳು. ಮೂಲೆಯಿಂದ ಎದುರು ಮೂಲೆಗೆ ಒಂದು ದಾರ ಎಳೆದಳು.

“ಇದೇ ಕಣಪ್ಪಾ ಇಬ್ಬರ ಚಾಪೆಯ ಅಂಚು. ನಮ್ಮ ಗಂಡಸರೆಲ್ಲ ಹೀಗೇ ಅಳೆದರು. ಎಣಿಸುತ್ತ ಕೂತೆಯಲ್ಲ, ಒಂದು ಮಾತು ಕೇಳಬಾರದಿತ್ತೇ?”

ಅವನು ಆ ದಾರ ಹಿಡಿದು ಹೆಣೆದ. ಅಂಚನ್ನು ಎಣಿಸಲು ಹೋದರೆ ಆಗಲೂ ಮುಗಿಯಲಿಲ್ಲ. ಹಾಸಿದರೆ ಮಾತ್ರ ಎರಡು ಒಂಟಿ ಚಾಪೆಗೆ ಸರಿಸಮ.

ಕೇತಜ್ಜ ಕತೆ ನಿಲ್ಲಿಸಿದ. ನೀಲವ್ವ ಅವನ ಮುಖವನ್ನೇ ನೋಡುತ್ತಿದ್ದಳು.

“ಇದು ಬೇರೆ ಯಾರದೋ ಕತೆಯಲ್ಲ, ಅಜ್ಜಾ.”

ಅಜ್ಜ ತಾನು ಕೂತಿದ್ದ ಹಳೆಯ ಚೌಕ ಚಾಪೆಯ ಖಾಲಿ ಬದಿಯನ್ನು ಸವರಿದ.

“ಅಳತೆ ತಪ್ಪಿಲ್ಲ ಮಗಳೇ, ನಾನು ಕೂತ ಮೇಲೆ ಸರಿಯಾಗಿ ಅರ್ಧ ಉಳಿಯುತ್ತದೆ.”