ಜೋಮುಬಳ್ಳಿ ತಿಂದ ಕಂಚಿ

ಮಕ್ಕಳೇ, ಕಲ್ಲುಬಂಡೆಗಳ ಗುಡ್ಡದ ಹಿಂಬದಿಯಲ್ಲಿ ಒಂದು ಕಾಡಿತ್ತು. ಕಾಡಿನ ನಡುವೆ ಕಿರಿದಾದ ಕೊರಕಲು, ಅದರ ತಳದಲ್ಲಿ ಹರಿಯುವ ಹಳ್ಳ. ಈಚೆ ದಡದ ದೊಡ್ಡ ಬಸರಿ ಮರದಲ್ಲಿ ಕಪ್ಪು ಮೂತಿಯ, ಉದ್ದ ಬಾಲದ ಮುಸಿಯ ಕೋತಿಗಳ ಹಿಂಡೊಂದು ವಾಸವಾಗಿತ್ತು. ಹಣ್ಣು ಬೇಕೆಂದರೆ ಅವು ಹಳ್ಳ ದಾಟಿ ಆಚೆ ದಡದ ಅತ್ತಿ ಮರಕ್ಕೆ ಹಾರಬೇಕಿತ್ತು.

ಆ ಹಿಂಡಿನಲ್ಲಿ ಕಂಚಿ ಎಂಬ ತಾಯಿ ಮುಸಿಯ ಇದ್ದಳು. ಅವಳ ಚೊಚ್ಚಲ ಮಗ ಬುಗುರಿ. ಇನ್ನೂ ಮೈತುಂಬ ಕಪ್ಪು ಕೂದಲಿದ್ದ ಎಳೆಗೂಸು. ಹಗಲಿಡೀ ಅಮ್ಮನ ಹೊಟ್ಟೆಗೆ ಅಂಟಿಕೊಂಡೇ ಇರುತ್ತಿದ್ದ.

ಕಂಚಿ ಜಾಣೆ, ಒಳ್ಳೆಯವಳು. ಆದರೆ ಸಣ್ಣ ನೋವನ್ನೂ ತಡೆದುಕೊಳ್ಳಲಾರಳು. ಗೊದ್ದ ಇರುವೆ ಕಚ್ಚಿದರೆ ಅವತ್ತು ಊಟ ಬಿಡುತ್ತಿದ್ದಳು. ಅಂಥವಳ ಅಂಗೈಗೆ ಒಂದು ದಿನ ಕಾರೆಮುಳ್ಳು ನಾಟಿಕೊಂಡಿತು.

ಅಕ್ಕ ಸಂಪಿ ಹಲ್ಲಿನಿಂದ ಮುಳ್ಳನ್ನು ಎಳೆದಳು. ತುದಿ ಮುರಿದು ಒಳಗೇ ಉಳಿಯಿತು. ಕೈ ಊದಿಕೊಂಡಿತು. ಕೆಲವು ದಿನ ಹಾರಾಡದೆ ಸುಮ್ಮನೆ ಕೂತರೆ ಕೀವು ಕಟ್ಟಿ ಮುಳ್ಳು ತಾನೇ ಹೊರಗೆ ಬರುತ್ತದೆ, ಅಲ್ಲಿಯವರೆಗೆ ಹಣ್ಣು ನಾನು ತಂದುಕೊಡುತ್ತೇನೆ ಎಂದು ಸಂಪಿ ಸಮಾಧಾನ ಹೇಳಿದಳು. ಕಂಚಿಗೆ ಅಷ್ಟು ಕಾಯುವ ಸಹನೆ ಎಲ್ಲಿತ್ತು? ಚುಳ್ ಚುಳ್ ಎನ್ನುವ ಕೈಯನ್ನು ನೋಡಿಕೊಂಡು ಅಳುತ್ತ ಕೂತಳು.

ಬಸರಿ ಮರದ ಬುಡದಲ್ಲಿ ಗೋರಜ್ಜನ ಬಿಲವಿತ್ತು. ಗೋರಜ್ಜ ಎಂದರೆ ಮುದಿ ಮುಳ್ಳುಹಂದಿ. ಅವನಿಗೆ ಹಳೆಯ ಹಲ್ಲುನೋವು. ಸಂಜೆ ಬಿಲದಿಂದ ಹೊರಬಂದಾಗಲೆಲ್ಲ ಒಂದು ಬಳ್ಳಿಯ ಬೇರನ್ನು ಒಸಡಿಗೆ ಒಂದಿಷ್ಟೇ ಸವರಿಕೊಳ್ಳುತ್ತಿದ್ದ. ಅದು ಜೋಮುಬಳ್ಳಿ. ಸವರಿದ ಕಡೆ ಜೋಮು ಹಿಡಿದು ನೋವು ಗೊತ್ತಾಗುತ್ತಿರಲಿಲ್ಲ. ಕಂಚಿ ಅವನ ಬಳಿ ಹೋಗಿ ಬೇರು ಬೇಡಿದಳು. ಅವನು ಒಂದು ಚೂರು ಕೊಟ್ಟು, ಬಳ್ಳಿ ಇರುವ ಜಾಗವನ್ನೂ ತೋರಿಸಿದ.

"ಗಾಯದ ಮೇಲೆ ಸವರು, ಅಷ್ಟೇ. ತಿನ್ನಬೇಡ," ಎಂದ.

ಸವರಿದಾಗ ನೋವು ಸ್ವಲ್ಪ ಹೊತ್ತು ಅಡಗಿತು, ಮತ್ತೆ ಎದ್ದಿತು. ಕಂಚಿ ಬಳ್ಳಿಯ ಬುಡ ಕೆದಕಿ ಬೇರನ್ನು ಅಗಿದು ನುಂಗಿಯೇಬಿಟ್ಟಳು. ನೋವು ಪೂರ್ತಿ ಮಾಯವಾಯಿತು. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದಳು. ಮರುದಿನ ನೋವು ಬರುವ ಮೊದಲೇ ಮತ್ತಷ್ಟು ತಿಂದಳು. ಅದೇ ಅಭ್ಯಾಸವಾಯಿತು. ಊದಿದ ಕೈಯನ್ನೇ ಊರಿ ನಡೆದಳು. ಗಾಯ ಒಳಗೊಳಗೇ ಕೊಳೆಯುತ್ತಿದ್ದುದು ಅವಳಿಗೆ ತಿಳಿಯಲಿಲ್ಲ. ತಿಳಿಸಬೇಕಾದ ನೋವನ್ನು ಅವಳೇ ಮಲಗಿಸಿದ್ದಳಲ್ಲ.

ಮುಸಿಯಗಳಿಗೆ ಮಧ್ಯಾಹ್ನದ ಹೊತ್ತು ಒಬ್ಬರ ಬೆನ್ನು ಒಬ್ಬರು ಕೆದಕಿ ಹೇನು ಹೆಕ್ಕುವುದೆಂದರೆ ಬಲು ಇಷ್ಟ. ಒಂದು ದಿನ ಸಂಪಿ ಕಂಚಿಯ ಬೆನ್ನ ಹಿಂದೆ ಕೂತಳು. ಕಂಚಿ ಕಣ್ಣು ಮುಚ್ಚಿ ಕಾದಳು. ಬಹಳ ಹೊತ್ತು ಕಾದಳು.

"ಅಕ್ಕಾ, ಯಾವಾಗ ಶುರು ಮಾಡುತ್ತೀ?" ಎಂದಳು.

"ಆಗಲೇ ಮುಗಿಸಿದೆನಲ್ಲೇ," ಎಂದಳು ಸಂಪಿ.

ಅಕ್ಕನ ಬೆರಳು ಬೆನ್ನಿಗೆ ತಾಗಿದ್ದೇ ಕಂಚಿಗೆ ಗೊತ್ತಾಗಿರಲಿಲ್ಲ. ಆದರೂ ಅಂದು ಸಂಜೆ ಬೇರು ತಿನ್ನುವುದನ್ನು ಬಿಡಲಿಲ್ಲ. ಬಿಟ್ಟರೆ ನೋವು ಬರುತ್ತದಲ್ಲ!

ಆಮೇಲೆ ಇನ್ನೊಂದು ವಿಚಿತ್ರ ಶುರುವಾಯಿತು. ಮಕ್ಕಳೇ, ಕಣ್ಣು ಮುಚ್ಚಿಕೊಂಡು ಮೂಗಿನ ತುದಿ ಮುಟ್ಟಿ ನೋಡಿ. ಬೆರಳು ಸರಿಯಾಗಿ ಮೂಗಿಗೇ ಹೋಗುತ್ತದೆ, ಅಲ್ಲವೇ? ಕೈ ಎಲ್ಲಿದೆ, ಕಾಲು ಎಷ್ಟು ಮಡಚಿದೆ ಎಂಬ ಸುದ್ದಿಯನ್ನು ಕೀಲುಗಳು, ಸ್ನಾಯುಗಳು ಮಿದುಳಿಗೆ ಕಳಿಸುತ್ತಲೇ ಇರುತ್ತವೆ. ಕಂಚಿಯ ಮೈಯಲ್ಲಿ ಆ ಸುದ್ದಿಯೂ ನಿಂತುಹೋಯಿತು. ಕೊಂಬೆ ಹಿಡಿದಿದ್ದೇನೆಯೋ ಇಲ್ಲವೋ ಎಂಬುದನ್ನು ಅವಳು ಕಣ್ಣಿಂದ ನೋಡಿಯೇ ತಿಳಿಯಬೇಕಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಆಚೆ ದಡದ ಅತ್ತಿ ಹಣ್ಣಾಗಿ ಘಮಘಮಿಸಿತು. ಇಡೀ ಹಿಂಡು ಹಾರಲು ಸಜ್ಜಾಯಿತು. ನೀನು ಹಾರಬೇಡ ಎಂದು ಸಂಪಿ ಹೇಳಿದಳು. ನೋವೇ ಇಲ್ಲ, ನನಗೇನಾಗಿದೆ ಎನ್ನುತ್ತ ಕಂಚಿ ಅವಳ ಮಾತಿಗೆ ಕಿವಿಗೊಡಲಿಲ್ಲ. ತನ್ನ ಕೈಯನ್ನೇ ನೋಡುತ್ತ, ಕಾಲನ್ನೇ ನೋಡುತ್ತ, ಹೇಗೋ ಹಾರಿ ಅತ್ತಿಯ ಕೊಂಬೆ ಹಿಡಿದಳು. ಸಂತೋಷದಿಂದ ಹಣ್ಣು ಕಿತ್ತು ಬಾಯಿಗಿಟ್ಟಳು.

ಹಿಂದೆ ಉಳಿದಿದ್ದ ಸಂಪಿ ಈಚೆ ದಡದಿಂದ ಕೂಗಿದಳು. "ಕಂಚಿ, ಬುಗುರಿ ಎಲ್ಲಿ?"

"ಇಲ್ಲೇ ಇದ್ದಾನಲ್ಲ," ಎಂದಳು ಕಂಚಿ, ಹಣ್ಣು ಅಗಿಯುತ್ತ.

"ನೋಡಿಕೋ."

ಕಂಚಿ ತಲೆ ತಗ್ಗಿಸಿ ನೋಡಿದಳು. ಹೊಟ್ಟೆಯ ಮೇಲೆ ಯಾರೂ ಇರಲಿಲ್ಲ.

ಅವಳ ಬಾಯಿಂದ ಹಣ್ಣು ಬಿತ್ತು. ಅಷ್ಟರಲ್ಲಿ ಸಂಪಿ ಸರಸರನೆ ಕೊರಕಲಿಗೆ ಇಳಿದಳು. ಹಳ್ಳದ ಮೇಲೆ ಹೆಣೆದುಕೊಂಡಿದ್ದ ಬಳ್ಳಿಗಳ ನಡುವೆ ಬುಗುರಿ ಸಿಕ್ಕಿಕೊಂಡು ಕೀಚುಗುಟ್ಟುತ್ತಿದ್ದ. ಕಿವಿ ಹರಿದಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಸಂಪಿ ಅವನನ್ನು ಎದೆಗೆ ಅವಚಿಕೊಂಡು ಮೇಲೆ ಬಂದಳು.

ಅಂದಿನಿಂದ ಬುಗುರಿಯನ್ನು ಸಂಪಿಯೇ ಹೊತ್ತಳು. ಯಾರೂ ಕಂಚಿಯನ್ನು ಬೈಯಲಿಲ್ಲ. ಕೊಡು ಎಂದು ಕೇಳುವ ಧೈರ್ಯ ಅವಳಿಗೂ ಬರಲಿಲ್ಲ. ಕೊರಕಲು ಇಳಿದು ಹೇಗೋ ಈಚೆ ದಡಕ್ಕೆ ಬಂದವಳು, ಮರ ಹತ್ತಲು ಹೆದರಿ ಬಸರಿಯ ಬುಡದ ಬಂಡೆಯ ಮೇಲೆಯೇ ದಿನ ಕಳೆದಳು. ಹಾಲು ಕುಡಿಸಲು ಸಂಪಿ ಮಗುವನ್ನು ಕೆಳಗೆ ತರುತ್ತಿದ್ದಳು. ಅವನು ಎದೆಗೆ ಬಾಯಿಟ್ಟಿದ್ದು ಕಂಚಿಗೆ ಕಾಣುತ್ತಿತ್ತೇ ಹೊರತು ತಾಗುತ್ತಿರಲಿಲ್ಲ. ಮಗನ ಬೆನ್ನು ಸವರಿದರೆ ಗಾಳಿಯನ್ನು ಸವರಿದ ಹಾಗಿತ್ತು. ಅವನು ಬೆಚ್ಚಗಿದ್ದಾನೋ, ನಡುಗುತ್ತಿದ್ದಾನೋ ಎಂದು ಸಂಪಿಯನ್ನು ಕೇಳಿ ತಿಳಿಯುತ್ತಿದ್ದಳು.

ಹಾಲು ಕುಡಿದಾದ ಮೇಲೆ ಸಂಪಿ ಅವನನ್ನು ಎತ್ತಿಕೊಂಡು ಮೇಲೇರುವಾಗ ಎಲೆಗಳ ಮರೆಗೆ ಹೋಗುವವರೆಗೂ ಕಂಚಿ ಕತ್ತೆತ್ತಿ ನೋಡುತ್ತಿದ್ದಳು.

ಒಂದು ಸಂಜೆ ಅವಳು ಗೋರಜ್ಜನನ್ನು ಕರೆದು, ತನ್ನ ಮೈ ತನಗೆ ಮತ್ತೆ ಸಿಗುತ್ತದೆಯೇ ಎಂದು ಕೇಳಿದಳು.

"ಬೇರು ತಿನ್ನುವುದನ್ನು ಬಿಟ್ಟರೆ ಸಿಕ್ಕೀತು. ನಿಧಾನ ಆಗುತ್ತದೆ," ಎಂದ ಗೋರಜ್ಜ. "ಆದರೆ ಕಂಚಿ, ಮೊದಲು ಬರುವುದು ನೋವೇ. ಕೈ ಕೊಳೆತಿದೆ. ಬಹಳ ನೋಯುತ್ತದೆ."

"ಬರಲಿ," ಎಂದಳು ಕಂಚಿ.

ಮಳೆಗಾಲ ಮುಗಿಯಿತು. ಹಳ್ಳದ ನೀರು ತಿಳಿಯಾಯಿತು. ಕಂಚಿ ದಿನವೂ ತನ್ನ ಅಂಗೈಯನ್ನು ಬಂಡೆಗೆ ಒತ್ತಿ ನೋಡುತ್ತಿದ್ದಳು. ಏನೂ ಇಲ್ಲ. ಮೇಲೆ ಕೊಂಬೆಗಳಲ್ಲಿ ಬುಗುರಿಯ ದನಿ ಕೇಳಿದರೆ ತೋಳು ತಾನಾಗಿ ಮಡಚಿಕೊಳ್ಳುತ್ತಿತ್ತು. ಮಡಚಿಕೊಂಡಿದೆ ಎಂಬುದು ಕೆಳಗೆ ನೋಡಿದಾಗಲೇ ಗೊತ್ತಾಗುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ಅಂಗೈಯೊಳಗೆ ಏನೋ ಮಿಡಿಯಿತು. ಸಂಜೆಯ ಹೊತ್ತಿಗೆ ಅದು ಕೆಂಡ ಹಿಡಿದಂತೆ ಸುಡತೊಡಗಿತು. ಕಂಚಿ ಕೈಯನ್ನು ಎದೆಗೊತ್ತಿಕೊಂಡು ಹಲ್ಲು ಕಚ್ಚಿದಳು. ಜೋಮುಬಳ್ಳಿ ಎರಡು ನೆಗೆತದ ದೂರದಲ್ಲೇ ಇತ್ತು. ಅವಳು ಅತ್ತ ಹೊರಳಿಯೂ ನೋಡಲಿಲ್ಲ. ದಿನಗಟ್ಟಲೆ ನರಳಿದಳು. ಸಂಪಿ ಪಕ್ಕದಲ್ಲೇ ಕೂತು ಗಾಯ ನೆಕ್ಕಿ ಶುಚಿ ಮಾಡಿದಳು. ಕೀವಿನ ಜೊತೆ ಮುಳ್ಳಿನ ತುದಿ ಹೊರಬಂತು.

ಆಮೇಲೆ ಒಂದೊಂದಾಗಿ ಎಲ್ಲವೂ ಮರಳಿದವು. ಬಂಡೆಯ ಕಾವು, ಬೆನ್ನ ಮೇಲೆ ಗಾಳಿ, ಕಾಲಿನ ಮೇಲೆ ಹರಿಯುವ ಇರುವೆ. ಒಂದು ದಿನ ಬಾಲ ಎತ್ತ ಬಿದ್ದಿದೆ ಎಂಬುದು ನೋಡದೆಯೇ ತಿಳಿಯಿತು. ಅಂದು ಅವಳು ನಿಧಾನವಾಗಿ ಬಸರಿ ಮರ ಹತ್ತಿದಳು. ಸಂಪಿಯ ಎದುರು ಕೂತು ಎರಡೂ ಕೈ ಚಾಚಿದಳು.

ಆದರೆ ಬುಗುರಿ ಸಂಪಿಯ ಮಡಿಲಲ್ಲಿ ಇರಲಿಲ್ಲ. ಅವನ ಕಪ್ಪು ಕೂದಲೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಕೊಂಬೆಯಲ್ಲಿ ಓರಗೆಯ ಮರಿಗಳ ಜೊತೆ ಜೋತಾಡುತ್ತಿದ್ದ. ಸಂಪಿ ಕರೆದಾಗ ಬಂದು ಒಂದು ಗಳಿಗೆ ಅನುಮಾನಿಸಿ, ಅಮ್ಮನ ಮಡಿಲಿಗೆ ಇಳಿದ.

ಕಂಚಿ ಕಣ್ಣು ಮುಚ್ಚಿದಳು. ಅವನ ತೂಕ ತೊಡೆಯ ಮೇಲೆ ಬಿತ್ತು. ಹೊಟ್ಟೆಗೆ ಅವನ ಉಸಿರು ತಾಗಿತು. ಬೆರಳುಗಳು ಅವಳ ಕೂದಲನ್ನು ಹಿಡಿದವು. ಅವು ಈಗ ಉದ್ದವಾಗಿದ್ದವು, ಗಟ್ಟಿಯಾಗಿದ್ದವು. ಎಳೆಗೂಸಿನ ಬೆರಳಿಗಾಗಿ ಅವಳು ಇಷ್ಟು ದಿನ ಹಂಬಲಿಸಿದ್ದಳು. ಆ ಬೆರಳು ಇನ್ನೆಂದೂ ಸಿಗುವುದಿಲ್ಲ ಎಂಬುದು ಅವಳಿಗೆ ಮುಟ್ಟಿದೊಡನೆ ತಿಳಿಯಿತು.

ಅವಳು ಅವನನ್ನು ಗಟ್ಟಿಯಾಗಿ ಹಿಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ಬುಗುರಿ ಮಡಿಲಿನಿಂದ ಜಾರಿ ಗೆಳೆಯರ ಕಡೆಗೆ ನೆಗೆದ. ಅವನು ಕೂತಿದ್ದ ಜಾಗ ಇನ್ನೂ ಬೆಚ್ಚಗಿತ್ತು. ಆ ಬಿಸಿ ಆರುವವರೆಗೂ ಕಂಚಿ ಅದರ ಮೇಲಿಂದ ಕೈ ತೆಗೆಯಲಿಲ್ಲ.

ನೀತಿ: ಸಣ್ಣ ನೋವನ್ನು ಸಹಿಸಲಾರದೆ ಮೈಯ ಅರಿವನ್ನೇ ಬಿಟ್ಟುಕೊಟ್ಟರೆ, ನಮ್ಮವರ ಸ್ಪರ್ಶವನ್ನೂ ಕಳೆದುಕೊಳ್ಳುತ್ತೇವೆ.