ಮೇಷ್ಟ್ರು ಕುಡಿಯದ ನೀರು

ಒಬ್ಬ ಶಿಷ್ಯ ಗುರುವನ್ನು ಕೇಳಿದ:

"ಗುರುಗಳೇ, ಏಳು ವರ್ಷದಿಂದ ಹಳ್ಳಿ ಹಳ್ಳಿ ತಿರುಗಿ ಜನರ ಸೇವೆ ಮಾಡುತ್ತಿದ್ದೇನೆ. ಯಾರ ಮನೆಯಿಂದಲೂ ಒಂದು ಹಿಡಿ ಅವಲಕ್ಕಿ ತೆಗೆದುಕೊಂಡವನಲ್ಲ. ಆದರೂ ಜನ ನನ್ನನ್ನು ಕಂಡರೆ ಕೈಮುಗಿದು ದೂರ ನಿಲ್ಲುತ್ತಾರೆ, ಹತ್ತಿರ ಬರುವುದಿಲ್ಲ. ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೋ ಏನೋ ಎಂಬ ಭಯ ಹಿಡಿದಿದೆ. ನನ್ನ ತಪ್ಪೆಲ್ಲಿದೆ?"

ಮಠದ ಅಂಗಳ ಗುಡಿಸುವ ದ್ಯಾವಮ್ಮ ಆಗಷ್ಟೇ ಇಬ್ಬರ ಮುಂದೆಯೂ ಒಂದೊಂದು ಲೋಟ ಮಜ್ಜಿಗೆ ಇಟ್ಟು ಹೋಗಿದ್ದಳು. ಗುರು ತಮ್ಮದನ್ನು ಕುಡಿದು, ಮೀಸೆ ಒರೆಸಿಕೊಂಡು, ಕತೆ ಶುರುಮಾಡಿದರು.

ಒಂದು ಗುಡ್ಡದ ಮೇಲೆ ಮೂವತ್ತು ಮನೆಗಳ ಒಂದು ಊರಿತ್ತು. ಊರಿಗೆ ರಸ್ತೆಯಿರಲಿಲ್ಲ. ನೀರು ಬೇಕಾದರೆ ಹೆಂಗಸರು ಕೊರಕಲಿಗೆ ಇಳಿದು, ಅಲ್ಲಿಯ ಗುಂಡಿಯಿಂದ ತುಂಬಿಕೊಂಡು ಬರಬೇಕಾಗಿತ್ತು. ಬೇಸಿಗೆಯಲ್ಲಿ ಅದು ಹೇಗೋ ನಡೆಯುತ್ತಿತ್ತು. ಮಳೆ ಬಿದ್ದರೆ ಮಾತ್ರ ಆ ಹಾದಿ ಸೋಪು ಹಚ್ಚಿದಂತೆ ಜಾರುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಕೊಡ ಹೊತ್ತು ಇಳಿದ ಒಬ್ಬಳು ಜಾರಿಬಿದ್ದು ಸತ್ತಳು. ಆಮೇಲೆ ಊರವರು ಕೆಳಗಿನ ಪೇಟೆಗೆ ಹೋಗಿ ಅಲ್ಲಿಯ ಒಬ್ಬ ಮೇಷ್ಟ್ರ ಹತ್ತಿರ ಕಷ್ಟ ಹೇಳಿಕೊಂಡರು.

ಮೇಷ್ಟ್ರು ಒಳ್ಳೆಯವರು. ಸ್ವಲ್ಪ ಹೆಚ್ಚೇ ಒಳ್ಳೆಯವರು ಅಂತಿಟ್ಟುಕೋ. ಬೇಸಿಗೆ ರಜೆ ಬಂದದ್ದೇ ತಡ, ಹನ್ನೊಂದು ಮಂದಿ ಸ್ವಯಂಸೇವಕರನ್ನು ಕಟ್ಟಿಕೊಂಡು ಗುಡ್ಡ ಹತ್ತಿದರು. ನೆತ್ತಿಯ ಬಂಡೆ ಸಂದಿಯಲ್ಲಿ ವರ್ಷವಿಡೀ ಬತ್ತದ ಒಂದು ಒರತೆ ಇತ್ತು. ಅಲ್ಲಿಂದ ಪೈಪು ಎಳೆಯುವುದು, ಊರ ನಡುವೆ ತೊಟ್ಟಿ ಕಟ್ಟಿ ನಲ್ಲಿ ಇಡುವುದು, ಮಳೆಗಾಲಕ್ಕೆ ಮೊದಲು ಮುಗಿಸುವುದು ಎಂದು ಗೊತ್ತುಮಾಡಿದರು.

ಹತ್ತುವಾಗಲೇ ಅವರು ತಮ್ಮವರಿಗೆ ಒಂದು ಕಟ್ಟಪ್ಪಣೆ ಮಾಡಿದ್ದರು. "ನೀರಿಗಾಗಿ ಪ್ರಾಣ ಬಿಡುವ ಊರು ಅದು. ಅವರ ಒಂದು ಲೋಟ ನೀರನ್ನೂ ನಾವು ಮುಟ್ಟಬಾರದು. ಅವರಿಗೆ ಯಾವ ಹೊರೆಯೂ ಆಗಬಾರದು."

ಮೊದಲ ದಿನ ಪ್ರತಿ ಮನೆಯಿಂದಲೂ ಒಬ್ಬೊಬ್ಬರು ಬೆಲ್ಲ ನೀರು ಹಿಡಿದುಕೊಂಡು ಬಾಗಿಲಿಗೆ ಬಂದರು. ಮೇಷ್ಟ್ರು ಎಲ್ಲರಿಗೂ ಕೈಮುಗಿದು ಬೇಡವೆಂದರು. ಮರುದಿನ ನಾಲ್ಕೈದು ಮನೆಯವರು ಬಂದರು. ಅವರಿಗೂ ಬೇಡವೆಂದರು. ಮೂರನೆಯ ದಿನ ಯಾರೂ ಬರಲಿಲ್ಲ. ಪಾಪ, ಅರ್ಥಮಾಡಿಕೊಂಡರು ಎಂದು ಮೇಷ್ಟ್ರಿಗೆ ಸಮಾಧಾನವಾಯಿತು. ಗಂಡಸರು ಪೈಪು ಹೊರಲು ಬಂದಾಗ, ನಿಮ್ಮ ಹೊಲದ ಕೆಲಸ ಕೆಡುವುದು ಬೇಡ ಎಂದು ಅವರನ್ನೂ ಹಿಂದಕ್ಕೆ ಕಳಿಸಿದರು. ತಾವು ಕುಡಿಯುವ ನೀರನ್ನು ಪೇಟೆಯಿಂದ ಕ್ಯಾನುಗಳಲ್ಲಿ ಹೊತ್ತು ತರಿಸಿದರು. ಹೊತ್ತವರ ಹೆಗಲು ಬಾತುಕೊಂಡಿತು. ಬಾತುಕೊಂಡಷ್ಟೂ ಅವರಿಗೆ ಹೆಮ್ಮೆಯಾಯಿತು.

ನಲವತ್ತನೆಯ ದಿನ ನಲ್ಲಿಯಲ್ಲಿ ನೀರು ಬಂತು. ಕನ್ನಡಿಯಂಥ ನೀರು. ಸ್ವಯಂಸೇವಕರು ಕುಣಿದಾಡಿದರು. ಊರವರು ಬಂದು ನೋಡಿದರು, ಕೈಮುಗಿದರು, ಮನೆಗೆ ಹೋದರು.

ಮರುದಿನ ಬೆಳಗ್ಗೆ ಹೆಂಗಸರು ಕೊಡ ಎತ್ತಿಕೊಂಡು ನಲ್ಲಿಯ ಮುಂದೆಯೇ ಹಾದು ಕೊರಕಲಿಗೆ ಇಳಿದರು.

ಅಭ್ಯಾಸಬಲ ಅಂದುಕೊಂಡರು ಮೇಷ್ಟ್ರು. ಅದರ ಮರುದಿನವೂ ಇಳಿದರು. ಮೂರನೆಯ ದಿನವೂ ಇಳಿದರು. ತೊಟ್ಟಿ ತುಂಬಿ ಹರಿಯಿತು. ಊರ ಕೋಳಿಗಳು ಮಾತ್ರ ಬಂದು ಕುಡಿದವು. ಮೇಷ್ಟ್ರಿಗೆ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ನೀರಿಗೆ ವಾಸನೆ ಬಂದಿದೆಯೇ ಎಂದು ತಾವೇ ಹತ್ತು ಸಲ ಕುಡಿದು ನೋಡಿದರು. ಪೈಪಿನ ಉದ್ದಕ್ಕೂ ನಡೆದು ಒಂದೊಂದು ಜೋಡಣೆಯನ್ನೂ ಮುಟ್ಟಿ ನೋಡಿದರು. ಎಲ್ಲ ಸರಿಯಾಗಿತ್ತು. ಊರವರನ್ನು ಕೇಳಿದರೆ, "ನೋಡುವಾ ಸಾಮಿ" ಎಂದು ನಕ್ಕು ಸುಮ್ಮನಾಗುತ್ತಿದ್ದರು.

ಆ ಊರಿನಲ್ಲಿ ಒಬ್ಬ ಮುದುಕಿ ಇದ್ದಳು. ಅವಳಿಗೆ ಮಂಡಿನೋವು. ಸೊಸೆ ಏಳು ತಿಂಗಳ ಬಸುರಿ. ಮನೆಗೆ ನೀರು ತರುವವಳು ಸೊಸೆಯೇ. ಅವಳು ಕೊಡ ಎತ್ತಿಕೊಂಡು ಹೊರಟಳೆಂದರೆ ಮೇಷ್ಟ್ರು ಕೈಯಲ್ಲಿದ್ದ ಕೆಲಸ ಬಿಟ್ಟು ಕೊರಕಲಿನ ಅಂಚಿಗೆ ಓಡುತ್ತಿದ್ದರು. ಅವಳ ತಲೆ ಮತ್ತೆ ಮೇಲೆ ಕಾಣುವವರೆಗೆ ಅವರಿಗೆ ಉಸಿರು ಸಲೀಸಾಗಿ ಆಡುತ್ತಿರಲಿಲ್ಲ. ಪಡುವಲಲ್ಲಿ ಮೋಡ ಕಟ್ಟತೊಡಗಿತ್ತು. ಶಾಲೆ ತೆರೆಯಲು ಆರೇ ದಿನ ಉಳಿದಿತ್ತು. ಒಂದೇ ಒಂದು ಮಳೆ ಬಿದ್ದರೆ ಸಾಕು, ಮುಂದಿನದನ್ನು ನೆನೆಯಲು ಅವರಿಗೆ ಧೈರ್ಯವಾಗಲಿಲ್ಲ. ಉಂಡ ಅನ್ನ ಮೈಗೆ ಹತ್ತಲಿಲ್ಲ.

ಆ ಮಳೆ ಬಿತ್ತು. ಮಧ್ಯಾಹ್ನ ಬಂದು ಅರ್ಧ ಗಂಟೆ ಸುರಿದು ನಿಂತಿತು. ನಿಂತ ಕೂಡಲೇ ಸೊಸೆ ಕೊಡ ಎತ್ತಿಕೊಂಡಳು. "ಬೇಡ ತಾಯಿ, ಇಲ್ಲೇ ನಲ್ಲಿ ಇದೆ" ಎಂದು ಮೇಷ್ಟ್ರು ಕೂಗುತ್ತಲೇ ಹಿಂದೆ ಓಡಿದರು. ಅವಳು ತಿರುಗಿ ನೋಡಲಿಲ್ಲ. ಅವರು ಅಂಚಿಗೆ ಬರುವಷ್ಟರಲ್ಲಿ ಕೆಳಗೆ ಢಣಾರೆಂದು ಸದ್ದಾಯಿತು. ಕೊಡ ಬಂಡೆಯಿಂದ ಬಂಡೆಗೆ ಬಡಿಯುತ್ತಾ ಉರುಳುತ್ತಿತ್ತು. ಬಸುರಿ ಒಂದು ಮರದ ಬೇರನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು.

ಮೇಷ್ಟ್ರು ಕೂತುಕೊಂಡೇ ಜಾರಿಕೊಂಡು ಹೋಗಿ ಅವಳನ್ನು ಮೇಲೆ ಕರೆತಂದರು. ಅವಳಿಗೆ ಏನೂ ಆಗಿರಲಿಲ್ಲ. ಮೇಷ್ಟ್ರು ಮುದುಕಿಯ ಮನೆ ಮುಂದೆ ನಿಂತು ಕೇಳಿದರು:

"ಅವ್ವಾ, ಮನೆ ಮುಂದೆ ನೀರು ಹರಿಯುತ್ತಿದೆ. ಅದರಲ್ಲಿ ವಿಷ ಇದೆಯೇ? ನಿಮಗೆ ಹೆದರಿಕೆಯಾದರೂ ಬೇಡವೇ?"

ಮುದುಕಿ ಸೊಸೆಯ ಮೈಗೆ ಅಂಟಿದ ಕೆಸರು ಒರೆಸುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಹೆದರಿಕೆ ನಿಮಗೊಬ್ರಿಗೇಯ ಸಾಮಿ? ಇವಳು ಇಳಿದಾಗೆಲ್ಲ ನನ್ನ ಜೀವ ಕೈಲಿರ್ತದೆ. ಆದ್ರೆ ನಮ್ಮೂರಲ್ಲಿ ಜಗಳ ಆದ್ರೆ ಬೈದಾಡಕಿಲ್ಲ, ಅವರ ಮನೆ ನೀರು ಕುಡಿಯೋದು ಬಿಡ್ತೀವಿ. ನೀರು ಬಿಟ್ಟೋರ ಕೈಯಿಂದ ಬೆಂಕಿ ಕೆಂಡಾನೂ ಇಸ್ಕೊಳಕಿಲ್ಲ. ನೀವು ಬಂದ ದಿನಾನೇ ಮೂವತ್ತು ಮನೆ ನೀರು ಬಿಟ್ರಿ. ಏನು ತಪ್ಪು ಮಾಡಿದ್ವೋ ಅಂತ ಊರೆಲ್ಲ ಕೂತು ಯೋಚ್ನೆ ಮಾಡಿದ್ವಿ, ತಿಳೀನಿಲ್ಲ."

"ನಿಮಗೆ ನೀರು ಕಡಿಮೆಯಾಗಬಾರದು ಎಂದು ಬಿಟ್ಟೆ, ಅವ್ವ."

"ಕಡಿಮೆ ಅದೆ ಅಂತ ನಿಮ್ಮನ್ನ ಕರೆಯಕೆ ಬಂದೋರೇ ನಾವು. ಅದ್ರಲ್ಲೇ ಒಂದು ಚೊಂಬು ನಿಮಗೆ ಅಂತ ಮಡಗಿದ್ವಿ."

ಮೇಷ್ಟ್ರು ಕೈ ಚಾಚಿ, "ಬಾಯಾರಿದೆ, ಕೊಡಿ" ಎಂದರು.

ಮುದುಕಿ ಒಳಗಿನಿಂದ ಒಂದು ಚೂರು ಬೆಲ್ಲ, ಒಂದು ಚೊಂಬು ನೀರು ತಂದಳು. ನೀರು ನಸುಗೆಂಪಾಗಿತ್ತು. ಮೇಷ್ಟ್ರಿಗೆ ಕೊರಕಲಿನ ಗುಂಡಿ ನೆನಪಾಯಿತು. ಅದರ ಪಾಚಿ ನೆನಪಾಯಿತು, ಅದರಲ್ಲಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದ ಕಪ್ಪೆ ನೆನಪಾಯಿತು. ಚೊಂಬು ಎತ್ತಿದ ಕೈ ಅರ್ಧಕ್ಕೇ ನಿಂತಿತು. ನಲವತ್ತು ದಿನ ತಾವು ನೀರು ಬಿಟ್ಟದ್ದು ಬರೀ ಕರುಣೆಯಿಂದಲ್ಲ ಎಂಬುದು ಆಗ ಅವರಿಗೆ ತಿಳಿಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮುದುಕಿ ಅವರ ಗಂಟಲನ್ನೇ ನೋಡುತ್ತಿದ್ದಳು.

ಅವರು ಬೆಲ್ಲ ಬಾಯಿಗೆ ಹಾಕಿಕೊಂಡು, ಚೊಂಬು ಬರಿದಾಗುವವರೆಗೆ ಕುಡಿದರು.

ಮುದುಕಿ ಚೊಂಬು ಇಸಿದುಕೊಂಡಳು. ಒಳಗೆ ಹೋಗಿ, ಉಳಿದಿದ್ದ ಒಂದೇ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು, ಕುಂಟುತ್ತಾ ನಲ್ಲಿಯ ಕಡೆಗೆ ನಡೆದಳು. ಅವಳ ಕೊಡ ತುಂಬುವಷ್ಟರಲ್ಲಿ ಹಿಂದೆ ಏಳು ಕೊಡಗಳು ಸಾಲು ನಿಂತಿದ್ದವು.

ಗುರು ಕತೆ ನಿಲ್ಲಿಸಿದರು.

ಶಿಷ್ಯನ ಮುಖದಲ್ಲಿ ಇನ್ನೂ ಕಳವಳವಿತ್ತು. "ಆ ಕೆಟ್ಟ ನೀರಿನಿಂದ ಮೇಷ್ಟ್ರಿಗೆ ಏನೂ ಆಗಲಿಲ್ಲವೇ, ಗುರುಗಳೇ?" ಎಂದ.

"ಆಗದೆ ಇರುತ್ತದೆಯೇ? ಮೂರು ದಿನ ಹೊಟ್ಟೆ ಕೆಟ್ಟು ಮಲಗಿದರು. ಊರ ಹೆಂಗಸರೆಲ್ಲ ಸರದಿಯ ಮೇಲೆ ನಲ್ಲಿ ನೀರಿನಲ್ಲಿ ಗಂಜಿ ಕಾಯಿಸಿ ತಂದರು. ಈ ಸಲ ಯಾರಿಗೂ ಬೇಡವೆನ್ನಲಿಲ್ಲ. ಎಂಟನೆಯ ದಿನ ಪೈಪಿನ ಒಂದು ಜೋಡಣೆ ಬಿಚ್ಚಿಕೊಂಡಿತು. ಆಗ ಮೇಷ್ಟ್ರು ಪೇಟೆಯ ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದರು. ಊರವರೇ ಹತ್ತಿ ಹೋಗಿ ಅದನ್ನು ಕಟ್ಟಿದರು."

ಶಿಷ್ಯ ನಿಟ್ಟುಸಿರು ಬಿಟ್ಟ. "ಅರ್ಥವಾಯಿತು. ಇನ್ನು ಮುಂದೆ ಹೋದ ಊರಿನಲ್ಲೆಲ್ಲ, ಪ್ರೀತಿಯಿಂದ ಕೊಟ್ಟದ್ದನ್ನು ಒಲ್ಲೆ ಎನ್ನುವುದಿಲ್ಲ" ಎಂದ.

ಗುರು ಹೇಳಿದರು:

"ನಾನು ಈ ಕತೆ ಹೇಳಿ ಮುಗಿಸುವಷ್ಟರಲ್ಲಿ ದ್ಯಾವಮ್ಮ ಮೂರು ಸಲ ಬಾಗಿಲಿಗೆ ಬಂದು ನಿನ್ನ ಲೋಟ ನೋಡಿ ಹೋದಳು."