ಕಣ್ಕಟ್ಟಿನ ಇಳುಕಲು

ಅಂಕನಾಳ ಎಂಬ ಊರಿನ ಬೆನ್ನಿಗಿರುವ ಕರೇಕಲ್ಲು ದುರ್ಗಕ್ಕೆ ಈಗ ಎರಡು ದಾರಿಗಳಿವೆ. ಮುಂದಿನದು ಡಾಂಬರು ಹಾಕಿದ ದಾರಿ. ಬಸ್ಸು ಕೋಟೆಯ ಬಾಗಿಲವರೆಗೂ ಹೋಗುತ್ತದೆ. ಹಿಂದಿನದನ್ನು ಹುಡುಕಿಕೊಂಡು ಭಾನುವಾರಗಳಂದು ಹೊಸಪೇಟೆ, ಗದಗ, ಹುಬ್ಬಳ್ಳಿ ಕಡೆಯಿಂದ ಜೀಪಿನವರು ಬರುತ್ತಾರೆ. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಸಿಗುವ ಗಾಡಿಗಳೇ ಬೇಕು, ಉಳಿದವು ಅಲ್ಲಿ ನಿಲ್ಲುವುದಿಲ್ಲ. ಫೋನಿನ ನಕಾಶೆಯಲ್ಲಿ ಆ ದಾರಿ ಕಾಣದಿರುವುದರಿಂದ ಊರ ಮುಂದಿನ ಚಹಾದಂಗಡಿಯಲ್ಲಿ ನಿಲ್ಲಿಸಿ, "ಕಣ್ಕಟ್ಟಿನ ಇಳುಕಲು ಎಲ್ಲೈತ್ರಿ?" ಎಂದು ವಿಚಾರಿಸುತ್ತಾರೆ. ಕೋಟೆಯ ಹಿಂಗೋಡೆ ಬಿದ್ದಿರುವಲ್ಲಿ ನಿಂತು ನೋಡಿದರೆ ಬಂಡೆ ಅಲ್ಲಿಗೇ ಮುಗಿದು ಮುಂದೆ ಬರೀ ಆಕಾಶವಿದ್ದಂತೆ ತೋರುತ್ತದೆ; ಇನ್ನಷ್ಟು ಮುಂದಕ್ಕೆ ಹೋದಾಗಲೇ ಕೆಳಗೆ ಓರೆಯಾಗಿ ಇಳಿಯುವ ಹಾಸುಬಂಡೆ ಕಾಣುವುದು. ಹೀಗೆ ಕಣ್ಣಿಗೆ ಮೋಸ ಮಾಡುವುದರಿಂದಲೇ ಈ ಹೆಸರು ಬಂದಿದೆ ಎಂದು ಬಂದವರು ತಮ್ಮಷ್ಟಕ್ಕೆ ಅಂದುಕೊಂಡು ಹೋಗುತ್ತಾರೆ. ಅಂಕನಾಳದ ಹಿರಿಯರು ಹೇಳುವುದು ಬೇರೆ.

ಹಿಂದೆ, ದುರ್ಗದಲ್ಲಿ ಪಾಳೆಯಗಾರರಿದ್ದ ಕಾಲಕ್ಕೆ, ಕೋಟೆಯೊಳಗೆ ಗಾಣಿಗರ ಮನೆಯೊಂದಿತ್ತಂತೆ. ಗಂಡ ಚೆನ್ನಮಲ್ಲಪ್ಪ, ಹೆಂಡತಿ ಮುರಿಗೆವ್ವ. ಅವರ ಗಾಣದ ಕಲ್ಲು ಅಖಂಡ ಶಿಲೆಯದು, ಚೆನ್ನಮಲ್ಲಪ್ಪನ ತಂದೆ ಕಡೆಸಿದ್ದು. ಕೋಟೆಯ ದೀಪಗಳಿಗೂ ಅಡುಗೆಗೂ ಆ ಗಾಣದ ಕುಸುಬಿ ಎಣ್ಣೆಯೇ ಆಗಬೇಕಿತ್ತು. ಗಾಣ ತಿರುಗಿಸುತ್ತಿದ್ದುದು ಹಂಡ ಎಂಬ ಎತ್ತು. ತಿರುಗಿ ತಿರುಗಿ ತಲೆಸುತ್ತು ಬರಬಾರದೆಂದು ಎಲ್ಲ ಗಾಣದೆತ್ತುಗಳಿಗೆ ಮಾಡುವಂತೆ ಅದಕ್ಕೂ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು. ಕರುವಿದ್ದಾಗಿನಿಂದ ಅದಕ್ಕೆ ಮೇವು ಹಾಕಿದವಳು, ಕಣ್ಣಿಗೆ ಬಟ್ಟೆ ಕಟ್ಟಿ ಬಿಚ್ಚುವವಳು ಮುರಿಗೆವ್ವ. ಒಂದು ಬೇಸಿಗೆಯಲ್ಲಿ ಕೋಟೆಯ ಹೊಂಡದ ನೀರು ಕೆಟ್ಟಿತು. ಮನೆಮನೆಯಲ್ಲೂ ವಾಂತಿ, ಭೇದಿ. ಮುರಿಗೆವ್ವನ ಹಿರಿಯ ಮಗಳು ತೀರಿಕೊಂಡಳು. ಕೈಗೂಸೊಂದು ಉಳಿಯಿತು. ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಆಕೆ ಆ ಹೊಂಡದ ನೀರನ್ನು ಕೂಸಿನ ತುಟಿಗೆ ತಾಗಿಸಲಿಲ್ಲ. ದಿನವೂ ಬೆಟ್ಟವಿಳಿದು ಅಂಕನಾಳದ ಬಾವಿಯಿಂದ ಕೊಡ ಹೊತ್ತು ತಂದಳು. ಕಡೆಗೊಂದು ದಿನ ಕೊಡ ಇಳಿಸಿ, "ನಾ ಇನ್ನ ಈ ಗುಡ್ಡದ ಮ್ಯಾಲೆ ಇರಾಂಗಿಲ್ಲ," ಎಂದಳು.

ಚೆನ್ನಮಲ್ಲಪ್ಪ ಪಾಳೆಯಗಾರನ ಮುಂದೆ ನಿಂತು ಅಪ್ಪಣೆ ಕೇಳಿದ. ಪಾಳೆಯಗಾರ ಕೆಟ್ಟವನೇನಲ್ಲ, ಆದರೆ ಕೋಟೆಯ ದೀಪ ಆರುವುದು ಅವನಿಗೆ ಬೇಕಿರಲಿಲ್ಲ. "ಹೋಗೋದಿದ್ರ ಹೋಗು. ಗಾಣ ಕೋಟೆದು, ಅದು ಇಲ್ಲೇ ಇರಲಿ. ಬ್ಯಾರೆ ಗಾಣಿಗ ಬರ್ತಾನ," ಎಂದು ಹೇಳಿ ಮುಂಬಾಗಿಲ ಕಾವಲಿನವರಿಗೂ ಅದನ್ನೇ ಹೇಳಿಸಿದ. ಚೆನ್ನಮಲ್ಲಪ್ಪ ಮನೆಗೆ ಬಂದು ಗಾಣದ ಕಟ್ಟೆಯ ಮೇಲೆ ಕುಳಿತ. "ಕಲ್ಲು ಬಿಟ್ಟು ಹೋದ್ರ ಕೂಲಿ ಮಾಡಬೇಕು, ಮುರಿಗೆವ್ವಾ. ನನಗ ಬ್ಯಾರೆ ಏನೂ ಬರಾಂಗಿಲ್ಲ." ಗಂಡನ ಮಾತು ಸುಳ್ಳಲ್ಲವೆಂದು ಆಕೆಗೂ ಗೊತ್ತಿತ್ತು. ಕೂಸನ್ನು ಅಲ್ಲಿ ಇಟ್ಟುಕೊಳ್ಳಲಾರೆನೆಂಬುದೂ ಅಷ್ಟೇ ಗೊತ್ತಿತ್ತು.

ಜನ ಕಾಯಿಲೆ ಬಿದ್ದು ಕುಸುಬಿ ತರುವವರಿಲ್ಲದೆ ಗಾಣ ನಿಂತಿದ್ದ ಆ ದಿನಗಳಲ್ಲಿ ಹಂಡ ಕಟ್ಟು ಬಿಡಿಸಿಕೊಂಡು ಕಾಣೆಯಾಯಿತು. ಮುರಿಗೆವ್ವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹುಡುಕುತ್ತಾ ಹೊರಟಳು. ಕೋಟೆಯ ಹಿಂದೆ ಮಳೆಗೆ ಗೋಡೆ ಕುಸಿದ ಜಾಗವೊಂದಿತ್ತು. ಆ ಕಡೆಯಿಂದ ಯಾರೂ ಹತ್ತಲಾರರೆಂದು ಅದನ್ನು ಕಟ್ಟಿಸಿರಲಿಲ್ಲ, ಕಾವಲೂ ಇಟ್ಟಿರಲಿಲ್ಲ. ಅಲ್ಲಿ ಹಸಿ ಸಗಣಿ ಬಿದ್ದಿತ್ತು. ಆಚೆ ಇಣುಕಿದರೆ ಬರೀ ಆಕಾಶ. ಸಗಣಿಯ ಜಾಡು ಹಿಡಿದು ಕೂತು, ತೆವಳಿ ಇಳಿದಾಗ ಬಂಡೆ ಓರೆಯಾಗಿ ಬಲಕ್ಕೆ ಹೊರಳಿ, ಜಾಲಿಗಿಡಗಳ ನಡುವೆ ಒಂದು ಮಟ್ಟವಾದ ಜಾಗ ತಲುಪಿ, ಮತ್ತೆ ಎಡಕ್ಕೆ ಹೊರಳಿತು. ಕೆಳಗೆ ಅಂಕನಾಳದ ಹೊಲದ ಬದುವಿನಲ್ಲಿ ಹಂಡ ಮೇಯುತ್ತಾ ನಿಂತಿತ್ತು. ಆಕೆ ತಿರುಗಿ ಆ ಬಂಡೆಯ ಅಗಲವನ್ನು ನೋಡಿದಳು. ಬಂಡಿಯ ಎರಡು ಗಾಲಿಗೂ ಜಾಗವಿತ್ತು.

"ಹುಚ್ಚು ಹಿಡದೈತಿ ನಿನಗ," ಎಂದ ಚೆನ್ನಮಲ್ಲಪ್ಪ. ಮರುದಿನ ತಾನೂ ಇಳಿದು ನೋಡಿ ಬಂದ. ಆಮೇಲೆ ಹಾಗೆನ್ನಲಿಲ್ಲ.

ಯುಗಾದಿಯ ಬೇಟೆಗೆ ಪಾಳೆಯಗಾರ ತನ್ನ ಜನರೊಂದಿಗೆ ಮುಂಬಾಗಿಲಿನಿಂದ ಇಳಿದ ಹೊತ್ತು ನೋಡಿ ಗಂಡ ಹೆಂಡತಿ ಕಲ್ಲನ್ನು ಬಂಡಿಗೆ ಏರಿಸಿದರು. ನೆರೆಯವರು ಸನ್ನೆಕೋಲು ಹಾಕಿ ನೆರವಾದರು. ಕೂಸನ್ನು ನೆರೆಮನೆಯ ಮುದುಕಿ ಎತ್ತಿಕೊಂಡು ಮುಂಬಾಗಿಲ ಕಾಲುದಾರಿಯಲ್ಲಿ ಮುಂದಾಗಿ ಹೋದಳು. ಬಂಡಿಗೆ ಎಳೆಯ ಎತ್ತುಗಳ ಜೋಡಿ ಹೂಡಿ ಚೆನ್ನಮಲ್ಲಪ್ಪ ಮೂಗುದಾಣ ಹಿಡಿದು ಮುಂದೆ ನಿಂತ. ಹಿಂದೆ ಬಂಡಿಯ ಅಚ್ಚಿಗೆ ಹಗ್ಗ ಬಿಗಿದು ಅದನ್ನು ಹಂಡನ ಎದೆಗೂ ಕೊಂಬಿನ ಬುಡಕ್ಕೂ ಸುತ್ತಿದರು. ಭಾರ ಮುಂದಕ್ಕೆ ನುಗ್ಗದಂತೆ ಅದು ಹಿಂದಕ್ಕೆ ಜಗ್ಗಿಕೊಂಡು ಇಳಿಯಬೇಕು. ಆದರೆ ಬಂಡೆಯ ಅಂಚಿಗೆ ಬಂದದ್ದೇ ಹಂಡ ಕೆಳಗೆ ನೋಡಿ ನಿಂತುಬಿಟ್ಟಿತು. ಬರಿಮೈಯಲ್ಲಿ ಇಳಿದಿದ್ದ ಎತ್ತಿಗೆ ಕಟ್ಟಿದ ಹಗ್ಗದ ಜೊತೆ ಇಳಿಯಲು ಹೆದರಿಕೆ. ಮೈಯೆಲ್ಲ ಬೆವರಿತು. ಹೊಡೆದರೆ ಮುಂದಕ್ಕೆ ಹಾರುತ್ತದೆ; ಹಾರಿದರೆ ಹಗ್ಗ ಸಡಿಲಾಗಿ ಕಲ್ಲು ಗಂಡನ ಮೇಲೆ ಹೋಗುತ್ತದೆ. ಮುರಿಗೆವ್ವ ಸೆರಗಿನ ಅಂಚು ಹರಿದು, ಗಾಣಕ್ಕೆ ಹೂಡುವಾಗ ಕಟ್ಟುತ್ತಿದ್ದಂತೆ ಅದರ ಕಣ್ಣಿಗೆ ಕಟ್ಟಿದಳು. ಕಿವಿಯ ಹತ್ತಿರ ಬಾಯಿಟ್ಟು, "ನಡಿಯಪ್ಪಾ," ಎಂದಳು. ಹಂಡ ಒಮ್ಮೆ ಉಸಿರು ಬಿಟ್ಟು, ಗಾಣದ ಸುತ್ತ ನಡೆಯುವ ಅದೇ ನಿಧಾನದ ಹೆಜ್ಜೆ ಇಟ್ಟಿತು.

ಮಟ್ಟವಾದ ಜಾಗ ಇನ್ನೂ ಬಂದಿರಲಿಲ್ಲ, ಮುಂದಿನ ಎಡಗಡೆಯ ಎತ್ತು ಜಾರಿ ಮೊಣಕಾಲೂರಿತು. ಅದನ್ನು ಹಿಡಿಯಲು ನೊಗದ ಪಕ್ಕಕ್ಕೆ ಬಂದ ಚೆನ್ನಮಲ್ಲಪ್ಪನೂ ಜಾರಿ ಬಿದ್ದ. ಅವನ ಪಾದ ಗಾಲಿಯ ಮುಂದಿತ್ತು. ಗಾಲಿ ಉರುಳಿ ಪಾದದ ಮೇಲೆ ಹತ್ತಿತು. ಅವನು ಕೂಗಿದ್ದು ಮುರಿಗೆವ್ವನಿಗೆ ಕೇಳಿಸಿತು, ಆದರೆ ಬಂಡಿ ಅಡ್ಡವಾಗಿ ಏನೂ ಕಾಣಲಿಲ್ಲ. ಆಕೆಗೂ ಕೂಗಬೇಕೆನಿಸಿತು. ಕೂಗಿದರೆ ಎತ್ತು ಬೆದರುತ್ತದೆಂದು, ಸಂಜೆ ಗಾಣ ನಿಲ್ಲಿಸುವಾಗ ಅನ್ನುವಷ್ಟೇ ಮೆಲ್ಲಗೆ, "ಹೋ... ಹೋ ಹಂಡಾ," ಎಂದಳು. ಹಂಡ ನಿಂತಿತು. ಹಗ್ಗ ಎದೆಯ ಚರ್ಮ ಸೀಳಿ ರಕ್ತ ಬಂದರೂ ಗೊರಸು ಊರಿ ನಿಂತಿತು. ಚೆನ್ನಮಲ್ಲಪ್ಪ ಗಾಲಿಗೆ ಕಲ್ಲು ಒಡ್ಡಿ, ಪಾದ ಎಳೆದುಕೊಂಡು, ಬಿದ್ದ ಎತ್ತನ್ನು ಎಬ್ಬಿಸಿದ. "ಅದೀನಿ, ನಡಿ," ಎಂದು ಅವನ ದನಿ ಬಂದ ಮೇಲೆಯೇ ಆಕೆ ಎತ್ತಿಗೆ ಮತ್ತೆ ಮಾತಾಡಿದ್ದು.

ಕೆಳಗೆ ಹೊಲಕ್ಕೆ ಇಳಿದ ಮೇಲೆ ಆಕೆ ಎತ್ತಿನ ಕಣ್ಣಿನ ಕಟ್ಟು ಬಿಚ್ಚಿದಳು. ಹಂಡ ಕತ್ತು ಹೊರಳಿಸಿ ತಾನು ಇಳಿದು ಬಂದ ಬಂಡೆಯನ್ನು ನೋಡಿತು. ಅಷ್ಟು ಹೊತ್ತು ನಡುಗದ ಕಾಲುಗಳು ಆಗ ನಡುಗಿದವು, ಎತ್ತು ಅಲ್ಲೇ ಮಲಗಿತು ಎನ್ನುತ್ತಾರೆ. ಬೇಟೆಯಿಂದ ಬಂದ ಪಾಳೆಯಗಾರ ಸಿಟ್ಟಾಗಿ, ಕಲ್ಲನ್ನು ಮೇಲಕ್ಕೆ ತನ್ನಿರೆಂದ. ಹೋದವರು ಅಂಚಿನಲ್ಲಿ ನಿಂತು ಇಣುಕಿ ನೋಡಿ, ಅಲ್ಲಿಂದ ಇಳಿದವರ ಮನೆಗೆ ತಾವು ಹೋಗಿ ಕೇಳಲಾರೆವೆಂದು ಹಿಂತಿರುಗಿದರು. ಅವನೂ ಒಮ್ಮೆ ಬಂದು ಇಣುಕಿ, ಕಲ್ಲಿನ ಆಸೆ ಬಿಟ್ಟ. ಆಮೇಲೆ ಕೋಟೆಗೆ ಎಣ್ಣೆ ಅಂಕನಾಳದಿಂದಲೇ ಹೋಯಿತು. ಚೆನ್ನಮಲ್ಲಪ್ಪ ಕುಂಟುತ್ತಲೇ ಬಾಳಿದ. ಕೂಸು ಬೆಳೆದು ದೊಡ್ಡದಾಯಿತು. ಊರಿನ ಗಾಣಿಗರೆಲ್ಲ ತಾವು ಆ ಕೂಸಿನ ಸಂತತಿಯೆಂದು ಹೇಳಿಕೊಳ್ಳುತ್ತಾರೆ. ಹಂಡನನ್ನು ಮತ್ತೆ ಗಾಣಕ್ಕೆ ಹೂಡಲು ಮುರಿಗೆವ್ವ ಬಿಡಲಿಲ್ಲ.

ಇಳುಕಲಿನ ಬುಡದಲ್ಲಿ, ಜಾಲಿಯ ನೆರಳಿಗೆ, ಮೊಣಕಾಲೆತ್ತರದ ಕಲ್ಲೊಂದಿದೆ. ಮಲಗಿದ ಎತ್ತನ್ನು ಕಡೆದಿದ್ದಾರೆ. ಕತ್ತು ಹಿಂದಕ್ಕೆ ಹೊರಳಿದೆ, ಕಣ್ಣುಗಳು ಮಾತ್ರ ಮೈಗೆ ಮೀರಿ ದೊಡ್ಡವು. ಜೀಪಿನವರು ಅಲ್ಲಿಗೆ ಇಳಿದು ಎಂಜಿನ್ ಆರಿಸುತ್ತಾರೆ. ಇಳಿಯುವಷ್ಟೂ ಹೊತ್ತು ಗಾಲಿಯ ಮುಂದಿನ ಮೊಳದುದ್ದ ಬಂಡೆಯನ್ನಷ್ಟೇ ನೋಡಿದವರು, ಕೆಳಗೆ ನಿಂತು ಎತ್ತು ನೋಡುವ ಕಡೆಗೆ ತಾವೂ ತಲೆಯೆತ್ತುತ್ತಾರೆ.